ಕುರ್ಚಿ ಹಿಂದೆ ನಿಲ್ಲುವ ಭಾನುವಾರಗಳು

ಭಾನುವಾರ ಎಂದರೆ ನಮ್ಮ ಮನೆಯಲ್ಲಿ ಒಲೆ ಹಚ್ಚದ ಬೆಳಗು. ಚಾಮರಾಜಪೇಟೆಯ ಮನೆಗೆ ಬೀಗ ಹಾಕಿ ಅಪ್ಪ, ಅಮ್ಮ, ನಾನು ಲಾಲ್‌ಬಾಗಿಗೆ ನಡೆದೇ ಹೋಗುತ್ತಿದ್ದೆವು. ಬಂಡೆ ಹತ್ತಿ ಇಳಿದು, ಕೆರೆಯ ದಂಡೆಯಲ್ಲಿ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಬೇಕೆಂದು ನಾನು ಹಟ ಮಾಡಿದರೆ ಅಪ್ಪ ಕೇಳುತ್ತಿರಲಿಲ್ಲ. "ಹೊಟ್ಟೇಲಿ ಜಾಗ ಇಟ್ಕೋ" ಎನ್ನುತ್ತಿದ್ದರು. ಆ ಜಾಗ ಗಾಂಧಿಬಜಾರಿನ ಹೋಟೆಲಿನ ಬೆಣ್ಣೆ ಮಸಾಲೆಗೆ ಮೀಸಲು.

ಆ ಹೋಟೆಲಿನಲ್ಲಿ ಸಾಲೂ ಇಲ್ಲ, ಟೋಕನ್ನೂ ಇಲ್ಲ. ತಿನ್ನುತ್ತಿರುವವರ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು, ಅವರು ಎದ್ದ ಕೂಡಲೇ ಕೂರಬೇಕು. ಹೊರಗಿನವರಿಗೆ ಇದು ಅನಾಗರಿಕವಾಗಿ ಕಾಣಬಹುದು. ನಮಗೆ ಅದೊಂದು ವಿದ್ಯೆ. ಹೈಸ್ಕೂಲು ಮೇಷ್ಟ್ರಾಗಿದ್ದ ಅಪ್ಪ ಅದನ್ನು ನನಗೆ ಮಗ್ಗಿಯಂತೆ ಕಲಿಸಿದ್ದರು. ಕಾಫಿ ಕುಡಿಯುತ್ತಿರುವವರ ಹಿಂದೆ ನಿಲ್ಲು. ಎರಡನೇ ಸಲ ಚಟ್ನಿ ಹಾಕಿಸಿಕೊಂಡವರ ಹತ್ತಿರ ಸುಳಿಯಲೇಬೇಡ. ಕುರ್ಚಿಯ ಬೆನ್ನ ಮೇಲೆ ಕೈ ಇಡು. ಯಾರು ಏನೇ ಹೇಳಿದರೂ ಕೈ ತೆಗೆಯಬೇಡ.

ನಾನು ಒಳ್ಳೆಯ ಶಿಷ್ಯೆಯಾಗಿದ್ದೆ. ಒಮ್ಮೆ ಪಂಚೆ ಉಟ್ಟ ದೊಡ್ಡ ಆಸಾಮಿಯೊಬ್ಬರು "ಸ್ವಲ್ಪ ಸರಿಯಮ್ಮಾ" ಎಂದಾಗ "ಇದು ನಮ್ದು, ನಮ್ಮಪ್ಪ ಬರ್ತಿದಾರೆ" ಎಂದು ಅಲ್ಲಾಡದೆ ನಿಂತಿದ್ದೆ. ಅವತ್ತು ಅಪ್ಪ ತಮ್ಮ ದೋಸೆಯ ಗರಿಗರಿ ಅಂಚನ್ನು ಮುರಿದು ನನ್ನ ತಟ್ಟೆಗೆ ಹಾಕಿದರು. ಅಮ್ಮ, "ಎಂಥಾ ಪಾಠ ಕಲಿಸ್ತೀರ್ರೀ ಮಗೂಗೆ" ಎಂದು ನಕ್ಕಿದ್ದಳು. ಈಗ ಅಮ್ಮನಿಲ್ಲ. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆ ಇದ್ದಾರೆ. ನನ್ನ ಏಳು ವರ್ಷದ ಮಗಳಿಗೆ ಅವರೇ ಗುರು.

ಮೂರು ವಾರದ ಹಿಂದಿನ ಭಾನುವಾರವೂ ಎಲ್ಲ ಹಾಗೆಯೇ ನಡೆಯಿತು. ಬಂಡೆ ಹತ್ತಿದೆವು, ಇಳಿದೆವು, ಹೋಟೆಲಿಗೆ ಬಂದೆವು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅಂಟಿದ ಮೇಜಿನಲ್ಲಿ ನಾಲ್ವರು ಕಾಫಿ ಕುಡಿಯುತ್ತಿದ್ದರು. ಮಗಳು ಜನರ ಕಾಲುಗಳ ನಡುವೆ ನುಸುಳಿ ಅಲ್ಲಿ ನಿಂತು, ಕುರ್ಚಿಯ ಮೇಲೆ ಕೈ ಇಟ್ಟು, ನಮ್ಮತ್ತ ತಿರುಗಿ ಹುಬ್ಬು ಹಾರಿಸಿದಳು. "ಭೇಷ್!" ಎಂದು ನಾನೇ ಬಾಗಿಲಿನಿಂದ ಕೂಗಿದೆ. ಅಪ್ಪ ಫುಟ್‌ಪಾತಿನಲ್ಲಿ ಸಿಕ್ಕಿದ ಹಳೆಯ ಸಹೋದ್ಯೋಗಿಯ ಜೊತೆ ಮಂಡಿನೋವಿನ ಮಾತಿಗೆ ನಿಂತರು.

ಮೊದಲು ವಾಸನೆ ಬಂತು. ಬೆನ್ನಿಗೇ ಸಪ್ಲೈಯರ್ ಒಬ್ಬ ಅಡುಗೆಮನೆಯಿಂದ ಓಡಿಬಂದು, "ಗ್ಯಾಸ್ ಲೀಕ್ ಆಗ್ತಿದೆ, ಎಲ್ಲಾ ಆಚೆ ಹೋಗಿ!" ಎಂದು ಕಿರುಚಿದ.

"ರೀ, ನಮ್ದು ಎರಡು ಮಸಾಲೆ ಹೇಳಿ ಎಷ್ಟೊತ್ತಾಯ್ತು!" ಎಂದು ಯಾರೋ ಕೂತಲ್ಲಿಂದಲೇ ಕೇಳಿದರು.

"ಜೀವ ಇದ್ರೆ ಸಾಯಂಕಾಲ ತಿನ್ನೋರಂತೆ, ಏಳಿ ಸಾರ್!"

ಆಮೇಲೆ ಇಡೀ ಹೋಟೆಲು ಒಂದೇ ಬಾಗಿಲಿನತ್ತ ನುಗ್ಗಿತು. ಆ ನೂಕಿಗೆ ನಾನು ಫುಟ್‌ಪಾತಿಗೆ ಬಂದು ಬಿದ್ದೆ. ಹೊರಬರುತ್ತಿದ್ದ ಒಬ್ಬೊಬ್ಬರ ಸೊಂಟದ ಹತ್ತಿರ ಮಗಳ ಹಳದಿ ಫ್ರಾಕು ಹುಡುಕಿದೆ. ಇಲ್ಲ.

"ಬರ್ತಾಳೆ ತಾಳು, ಜಾಣೆ ಅವಳು" ಎಂದರು ಅಪ್ಪ. ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಬರಲ್ಲ ಕಣೇ. ಕೈ ತೆಗೀಬೇಡ ಅಂದಿದೀನಿ."

ಒಳಗೆ ಹೇಗೆ ಹೋದೆನೋ ಗೊತ್ತಿಲ್ಲ. ಯಾರದೋ ತೋಳನ್ನು ಪರಚಿದ್ದು ನೆನಪಿದೆ. ಖಾಲಿ ಹೋಟೆಲು, ಅರ್ಧ ತಿಂದ ದೋಸೆಗಳು, ಉರುಳಿದ ಲೋಟದಿಂದ ಹರಿಯುತ್ತಿದ್ದ ಕಾಫಿ. ಆ ಮೇಜಿನ ಮುಂದೆ ಮಗಳು ಒಬ್ಬಳೇ ಕೂತಿದ್ದಳು. ಒಂದು ಕುರ್ಚಿಯ ಮೇಲೆ ಕೈ, ಇನ್ನೊಂದರ ಮೇಲೆ ಚಾಚಿದ ಕಾಲು.

"ಅಮ್ಮಾ, ನಾಲ್ಕು ಸೀಟೂ ನಮಗೇ ಸಿಕ್ತು! ಆ ಅಂಕಲ್ ಕರೆದ್ರೂ ನಾನು ಏಳ್ಲಿಲ್ಲ!"

ನಾನು ಅವಳನ್ನು ಬಾಚಿಕೊಂಡು ಓಡಿದೆ. ಬಾಗಿಲು ದಾಟುವಾಗ ಹಿಂದೆ ಭಗ್ಗನೆ ಶಬ್ದವಾಯಿತು. ಕತ್ತಿನ ಹಿಂಭಾಗಕ್ಕೆ ಬಿಸಿ ತಾಗಿತು. ಅಡುಗೆಯವರು ಸಿಲಿಂಡರು ಬಂದ್ ಮಾಡಿ, ಒದ್ದೆ ಗೋಣಿಚೀಲ ಎಸೆದು ಬೆಂಕಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿನಿಂದ ಮಗಳು ಕೂತಿದ್ದ ಕುರ್ಚಿಯವರೆಗೆ ಮಾತ್ರ ಎಲ್ಲ ಸುಟ್ಟು ಕಪ್ಪಾಗಿತ್ತು.

ಅದನ್ನು ನಾನು ಆಮೇಲೆ ಹೋಗಿ ನೋಡಿದೆ, ನೋಡಬಾರದಿತ್ತು. ಈಗಲೂ ಮನೆಯಲ್ಲಿ ಒಲೆಯ ಗುಬುಟು ತಿರುಗಿಸುವಾಗ ಬಾಗಿಲಿನಿಂದ ಆ ಮೇಜಿನವರೆಗಿನ ದೂರ ಕಣ್ಣಿಗೆ ಬರುತ್ತದೆ. ಹತ್ತು ಹೆಜ್ಜೆ ಇರಬಹುದು. ಮನಸ್ಸಿನಲ್ಲೇ ಮತ್ತೆ ಓಡುತ್ತೇನೆ, ಕೆಲವು ಸಲ ಮೇಜು ತಲುಪುವುದೇ ಇಲ್ಲ. ಅಪ್ಪನ ಮೇಲೆ ಕೋಪ ಬರುತ್ತದೆ. ಅದರ ಹಿಂದೆಯೇ ನನ್ನ "ಭೇಷ್" ಕೇಳಿಸುತ್ತದೆ.

ಮುಂದಿನ ಎರಡು ಭಾನುವಾರ ನಾವು ಎಲ್ಲಿಗೂ ಹೋಗಲಿಲ್ಲ. ಮನೆಯಲ್ಲೇ ಉಪ್ಪಿಟ್ಟು ಮಾಡಿದೆ. ಅಪ್ಪ ಪೇಪರು ಹಿಡಿದು ಕೂರುತ್ತಿದ್ದರು, ಪುಟ ತಿರುಗುತ್ತಿರಲಿಲ್ಲ. ನಿನ್ನೆ ಮಗಳು ಅವರ ಮುಂದೆ ನಿಂತು ಕೇಳಿದಳು: "ತಾತಾ, ನಾನು ಸೀಟು ಬಿಟ್ಟು ಓಡಿ ಬಂದಿದ್ರೆ ಬೈತಿದ್ಯಾ?"

ಅಪ್ಪ ಪೇಪರು ಮಡಿಸಿದರು. ಕನ್ನಡಕ ತೆಗೆದರು. ಬೈಯುತ್ತಿರಲಿಲ್ಲ ಎಂದು ಸುಳ್ಳು ಹೇಳುತ್ತಾರೇನೋ ಎಂದುಕೊಂಡೆ.

"ಬೈತಿದ್ದೆ ಪುಟ್ಟೀ. ತಪ್ಪು ನಂದೇ" ಎಂದರು. "ಇನ್ಮೇಲೆ ಯಾರಾದ್ರೂ ಓಡಿ ಅಂದ್ರೆ ಓಡ್ಬಿಡ್ಬೇಕು."

"ನೀನು ಹೇಳ್ದೇ ಇದ್ರೂನಾ?"

"ನಾನು ಬೇಡ ಅಂದ್ರೂ."

ಮಗಳು ನನ್ನ ಮುಖ ನೋಡಿದಳು, ಇದು ಪರೀಕ್ಷೆಯೋ ಏನೋ ಎಂಬಂತೆ. ಅಪ್ಪ ಅವಳಿಂದ ಅದನ್ನು ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ಅವರು ತಲೆ ತಗ್ಗಿಸಿ ಕನ್ನಡಕ ಒರೆಸತೊಡಗಿದರು. ಮಗಳು ಮಾತ್ರ ಗಟ್ಟಿಯಾಗಿ ಹೇಳಿದಳು: "ತಾತ ಬೇಡ ಅಂದ್ರೂ ಓಡ್ತೀನಿ."