ತಂಬಿಗೆ ತುಂಬ ಒಳ್ಳೆಯ ಹಾಲು

ಹಾಸನ ಜಿಲ್ಲೆಯ ಒಂದು ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದಾಗ ಹೊಸ ಟೆಸ್ಟ್ ಕಿಟ್ ಬಂತು. ಎರಡು ಹನಿ ಹಾಲು ಬಿಟ್ಟರೆ ಸಾಕು, ಕೆಚ್ಚಲಿಗೆ ಸೋಂಕು ತಗುಲಿದ್ದರೆ ಅರ್ಧ ಗಂಟೆಯೊಳಗೆ ಎರಡು ಕೆಂಪು ಗೆರೆ ಮೂಡುತ್ತಿದ್ದವು. ಅಲ್ಲಿಯವರೆಗೆ ಅಂದಾಜಿನ ಮೇಲೆ ಇಂಜೆಕ್ಷನ್ ಚುಚ್ಚುತ್ತಿದ್ದವನು ನಾನು. ಕಿಟ್ ಕೈಗೆ ಬಂದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಎರಡು ಗೆರೆ ಕಾಣದೆ ಔಷಧಿ ಇಲ್ಲವೆಂದು ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ.

ಬಾಗೂರು ಕಡೆಯ ಹೆಂಗಸೊಬ್ಬರು ಫೋನ್ ಮಾಡಿ, ಕರು ಹಾಕಿ ಹದಿನೈದು ದಿನವಾದ ಹಸುವಿನ ಒಂದು ಮೊಲೆ ಊದಿಕೊಂಡಿದೆ, ಮುಟ್ಟಿದರೆ ಒದೆಯುತ್ತದೆ ಎಂದರು. ಹಾಲು ತನ್ನಿ ಎಂದೆ. ಬೆಳಗಿದ ತಂಬಿಗೆಯ ತುಂಬ ತಂದರು, ಬಾಯಿಗೆ ಬಾಳೆ ಎಲೆ ಮುಚ್ಚಿ. "ಎರಡು ಹನಿ ಸಾಕಿತ್ತಲ್ಲಮ್ಮ, ಇದರಲ್ಲಿ ಆಸ್ಪತ್ರೆಗೆಲ್ಲ ಟೀ ಆಗುತ್ತೆ" ಎಂದು ತಮಾಷೆ ಮಾಡಿದೆ. ಒಂದೇ ಗೆರೆ ಬಂತು. ಸೋಂಕಿಲ್ಲ, ಬಿಸಿನೀರಿನ ಶಾಖ ಕೊಡಿ ಎಂದೆ.

"ಒಂದ್ ಸೂಜಿ ಆಕ್ಬುಡಿ ಸಾ, ಅದು ಮೇವೂ ಮುಟ್ಟಾಕಿಲ್ಲ" ಎಂದು ಬಾಗಿಲಲ್ಲಿ ನಿಂತು ಕೇಳಿದರು. ನನಗೆ ರೇಗಿತು. ಕಿಟ್ಟಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದು ಗದರಿ ಕಳಿಸಿದೆ. ಉಳಿದ ಹಾಲಿನಲ್ಲಿ ಟೀ ಕಾಯಿಸಿ ನಾವೆಲ್ಲ ಕುಡಿದೆವು.

ನಾಲ್ಕನೇ ದಿನ ಅವರು ಕರೆಸಿದಾಗ ಹಸು ಏಳಲಾರದೆ ಮಲಗಿತ್ತು. ಆ ಮೊಲೆ ನೀಲಿಗಟ್ಟಿ ತಣ್ಣಗಾಗಿತ್ತು, ನಂಜು ಮೈಗೆಲ್ಲ ಏರಿತ್ತು. ಅಂದು ಯಾವ ಮೊಲೆಯ ಹಾಲು ತಂದಿದ್ದಿರಿ ಎಂದು ಆಗ ಕೇಳಿದೆ.

"ಚೆನ್ನಾಗಿರೋ ಮೂರು ಮೊಲೇದು ಸಾ. ಊದಿದ್ರಲ್ಲಿ ಬರೀ ಕೀವಂಗೆ ಬತ್ತಿತ್ತು. ಅಂಥದ್ನ ತಂದು ನಿಮ್ಮುಂದೆ ಇಡಾಕಾಯ್ತದಾ? ತಿಪ್ಪೆಗೆ ಸುರಿದ್ಬುಟ್ಟೆ."

ಹಾಲು ಒಯ್ದರೆ ಒಳ್ಳೆಯದನ್ನೇ ಒಯ್ಯಬೇಕು ಎನ್ನುವ ಮನೆಯಲ್ಲೇ ನಾನೂ ಬೆಳೆದವನು. ಅದು ನನಗೆ ಹೊಳೆಯಬೇಕಿತ್ತು.

ಗ್ಲೂಕೋಸ್ ಬಾಟಲಿ ಏರಿಸಿದೆ, ಇಂಜೆಕ್ಷನ್ ಕೊಟ್ಟೆ. ಸಂಜೆಯ ಹೊತ್ತಿಗೆ ಹಸು ಸತ್ತಿತು. ಕರು ಕಟ್ಟಿದಲ್ಲೇ ಕೂಗುತ್ತಿತ್ತು. "ನಿಮ್ ಕಿಟ್ದೇನೂ ತಪ್ಪಿಲ್ಲ ಸಾ, ನಂದೇ ದಡ್ಡತನ" ಎಂದು ಆಕೆ ನನಗೇ ಸಮಾಧಾನ ಹೇಳಿದರು. ನಾನು ಹೂಂ ಎಂದೆ. ಆ ಹೂಂಗಾಗಿ ಇಂದಿಗೂ ನಾಚಿಕೆಯಾಗುತ್ತದೆ. ಕೆಚ್ಚಲು ಬಾವಿನ ಹಾಲು ಕಾಯಿಸಿದರೆ ಒಡೆಯುತ್ತದೆ, ಅದನ್ನು ತಿಳಿಯಲು ಯಾವ ಕಿಟ್ಟೂ ಬೇಡ. ಅಂದು ನಮ್ಮ ಟೀ ಒಡೆದಿರಲಿಲ್ಲ. ರುಚಿಯಾಗಿದೆ ಎಂದು ನಾನು ಇನ್ನೊಂದು ಲೋಟ ಕೇಳಿ ಕುಡಿದಿದ್ದೆ.