ಓನರಮ್ಮನ ಎಡೆಗೆ ಒಂದು ಲೋಟ

ಇವತ್ತು ಬೆಳಿಗ್ಗೆ ಸಪೋಟದ ಸಿಪ್ಪೆ ತೆಗೆದು, ಪಚ್ಚಬಾಳೆ ಹೆಚ್ಚಿ ಹಾಕಿ, ಗಟ್ಟಿ ತೆಂಗಿನಹಾಲು ಸುರಿದು ಮಿಕ್ಸಿ ತಿರುಗಿಸಿದೆ. ನಿಲ್ಲಿಸಿ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಕೈ ಹಾಗೇ ನಿಂತುಬಿಟ್ಟಿತು. ಬರೀ ಹಣ್ಣಿನ ವಾಸನೆಯಲ್ಲ ಅದು. ಹಣ್ಣು, ತೆಂಗಿನಹಾಲು, ಜೊತೆಗೆ ಬಿಸಿಯಾದ ಮಿಕ್ಸಿಯ ರಬ್ಬರಿನ ಸಣ್ಣ ಸುಟ್ಟ ವಾಸನೆ... ಮೂರೂ ಸೇರಿದರೆ ನನ್ನ ಪಾಲಿಗೆ ಅದು ಹೆಬ್ಬಗೋಡಿಯ ಆ ಮನೆ.

"ಅಮ್ಮಾ, ಸ್ಮೂದೀನಾ? ನಂಗೆ?" ಎಂದು ಮಗಳು ಬಾಗಿಲಲ್ಲಿ ಇಣುಕಿದಳು. ಮಹಾಲಯ ಅಮಾವಾಸ್ಯೆ ಎಂದೆ. "ಓ... ಓನರಜ್ಜಿಗಾ" ಎಂದವಳೇ ಸದ್ದಿಲ್ಲದೆ ವಾಪಸು ಹೋದಳು.

ನಾವು ಈ ಬೆಳ್ಳಂದೂರಿನ ಫ್ಲ್ಯಾಟಿಗೆ ಬರುವ ಮೊದಲು ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯವರು, ಮೇಲೆ ನಾವು. ಮನೆ ಓನರಿನ ತಾಯಿಯನ್ನು ಬಾಡಿಗೆಯವರೆಲ್ಲ ಓನರಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರ ಹೊಲಗಳೆಲ್ಲ ಫ್ಯಾಕ್ಟರಿಗಳಾಗಿ, ಉಳಿದ ಜಾಗದಲ್ಲಿ ಬಾಡಿಗೆ ಮನೆಗಳೆದ್ದಿದ್ದವು. ಆದರೂ ನೀರಿನ ಸಂಪಿನ ಪಕ್ಕ ಒಂದು ಚಾಪೆಯಷ್ಟು ಮಣ್ಣು ಉಳಿಸಿಕೊಂಡು ಅದರಲ್ಲಿ ದಂಟಿನ ಸೊಪ್ಪು ಬೆಳೆಯುತ್ತಿದ್ದರು. ಬೆಳಿಗ್ಗೆ ಮೋಟರು ಹಾಕಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ನೀರ್ ಬಿಟ್ಟಿವ್ನಿ, ಇಡ್ಕಳಿ! ಆಮ್ಯಾಕೆ ನನ್ ಕೇಳ್ಬ್ಯಾಡಿ!" ಎಂದು ಮೂರನೇ ಮಹಡಿಗೂ ಕೇಳುವ ಹಾಗೆ ಕೂಗುತ್ತಿದ್ದರು. ಆ ಗಂಟಲು ಮುಂದೆ ಹಾಗಾಗುತ್ತದೆಂದು ಯಾರಿಗೆ ಗೊತ್ತಿತ್ತು...

ನನಗೆ ಮುದ್ದೆ ತಿನ್ನಲು ಕಲಿಸಿದವರು ಅವರು. ಕಾನ್ವೆಂಟಿನಲ್ಲಿ ಓದಿದವಳು ನಾನು. ತುತ್ತನ್ನು ಬಾಯಿ ಮುಚ್ಚಿಕೊಂಡು ಚೆನ್ನಾಗಿ ಅಗಿಯಬೇಕು, ಸದ್ದಾಗಬಾರದು ಎಂದು ಸಿಸ್ಟರುಗಳು ಊಟದ ಕೋಣೆಯಲ್ಲಿ ಹಿಂದೆ ನಿಂತು ಹೇಳಿಕೊಟ್ಟಿದ್ದರು. ಮೊದಲ ಸಲ ಓನರಮ್ಮನ ಅಡುಗೆಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಮುದ್ದೆಯನ್ನೂ ಹಾಗೇ ಅಗಿದೆ. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು. ಓನರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ನಮ್ಮವ್ವ, ಅದೇನು ಚೂಯಿಂಗ್ ಗಮ್ಮಾ? ಸಾರಲ್ಲಿ ಒಳ್ಸು, ಬಾಯ್ಗಾಕು, ನುಂಗು. ಹಲ್ಲಿಗೇನ್ ಕೆಲ್ಸ ಅಲ್ಲಿ?"

"ಅಗೀದೆ ನುಂಗಿದ್ರೆ ಸಿಸ್ಟರ್ ಬೈತಿದ್ರಮ್ಮ."

"ನಿಮ್ ಸಿಸ್ಟ್ರುಗಳು ಮುದ್ದೆ ತಿಂದೋರಲ್ಲ ಬಿಡು."

ಅವರು ನುಂಗುವುದನ್ನು ನಾನು ನೋಡುತ್ತಾ ಕೂರುತ್ತಿದ್ದೆ. ಬೆರಳಲ್ಲಿ ಮುರಿದು, ಸಾರಿನಲ್ಲಿ ಒಂದು ಸುತ್ತು ಹೊರಳಿಸಿ ಬಾಯಿಗಿಟ್ಟರೆ ಗಂಟಲಿನ ಮೇಲಿನ ನರವೊಂದು ಮೆಲ್ಲಗೆ ಅಲುಗುತ್ತಿತ್ತು, ಅಷ್ಟೇ.

ಕಾಯಿಲೆ ಶುರುವಾಗಿದ್ದೂ ಆ ಮುದ್ದೆಯಲ್ಲೇ. ಎದೆಯ ಮೇಲೆ ಸಿಕ್ಕಿಕೊಂಡ ಹಾಗಾಗುತ್ತದೆ ಎನ್ನತೊಡಗಿದರು. ತಪ್ಪು ರಾಗಿಯದೇ ಎಂದುಕೊಂಡರು. ಮಿಲ್ಲಿಗೆ ಹೋಗಿ, ನುಣ್ಣಗೆ ಬೀಸಿಲ್ಲ ಎಂದು ಜಗಳವಾಡಿ ಬಂದರು. ಆಮೇಲೆ ಮಿಲ್ಲನ್ನೇ ಬದಲಾಯಿಸಿದರು. ಹಿಟ್ಟನ್ನು ಜರಡಿ ಹಿಡಿದು, ಮತ್ತೆ ಬಟ್ಟೆಯಲ್ಲಿ ಸೋಸಿದರು. ಮಗ ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಗಂಟಲಿನೊಳಗಿನ ಗಡ್ಡೆ ತನ್ನ ಜಾಗ ಮಾಡಿಕೊಂಡಿತ್ತು.

ಕರೆಂಟು ಕೊಡಿಸಬೇಕೆಂದರು. ರೇಡಿಯೇಷನ್ ಚಿಕಿತ್ಸೆಗೆ ಎಲ್ಲರೂ ಹೇಳುವುದೇ ಹಾಗೆ. ಅದರಲ್ಲೂ ಅವರಿಗೊಂದು ತಮಾಷೆ ಸಿಕ್ಕಿತು. "ಎಬ್ಬಗೋಡಿಗೆ ದಿನಾ ಕರೆಂಟ್ ಓಯ್ತದೆ. ನನ್ ಗಂಟ್ಲಿಗೆ ಮಾತ್ರ ತಪ್ದೆ ಕೊಡ್ತಾವ್ರೆ ನೋಡು." ಕತ್ತಿನ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತಾಗಿತ್ತು. ನಗುವಾಗ ಅಲ್ಲಿ ಕೈಯಿಟ್ಟುಕೊಳ್ಳುತ್ತಿದ್ದರು.

ಗಟ್ಟಿ ಪದಾರ್ಥ ಕೂಡದು, ತುತ್ತು ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ನೀರು, ಗಂಜಿಯಂಥ ತೆಳುವಾದದ್ದೂ ಆಗುತ್ತಿರಲಿಲ್ಲ, ದಾರಿ ತಪ್ಪಿ ಕೆಮ್ಮು ಹತ್ತುತ್ತಿತ್ತು. ಮಂದವಾಗಿರಬೇಕು, ನುಣ್ಣಗಿರಬೇಕು, ಮೈಗೆ ಶಕ್ತಿಯನ್ನೂ ಕೊಡಬೇಕು. ಮಗ ತಂದ ಪ್ರೋಟೀನ್ ಪೌಡರನ್ನು ಒಂದು ಚಮಚ ನೆಕ್ಕಿ ಡಬ್ಬಿಯನ್ನು ಪಕ್ಕಕ್ಕಿಟ್ಟರು. ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಮೆಟ್ಟಿಲ ಮೇಲೆ ಸಿಕ್ಕಾಗ, "ಅಕ್ಕ, ನೀವು ಪಾಪುಗೆ ಮಾಡ್ತೀರಲ್ಲ ಆ ಹಣ್ಣಿನ ಜ್ಯೂಸು, ಅದ್ನ ಅತ್ತೆಗೂ ಒಂಚೂರು ನೋಡ್ತೀರಾ?" ಎಂದಳು. ಪಾಪು ಎಂದರೆ ನನ್ನ ಮಗಳು, ಆಗ ಶಾಲೆಗೆ ಹೊಸದಾಗಿ ಹೋಗುತ್ತಿದ್ದಳು.

ಹಾಗೆ ನಾನು ಮಾಡತೊಡಗಿದೆ. ಮಗುವಿಗೆ ಮಾಡಿದ ಹಾಗಲ್ಲ ಇದು. ಅನಾನಸು ಉರಿಯುತ್ತದೆ ಎಂದು ಮೊದಲ ದಿನವೇ ತಿಳಿಯಿತು. ಮೊಸರೂ ಉರಿಯಿತು. ಹಾಗಾಗಿ ತೆಂಗಿನಹಾಲು, ಅದೂ ಮೊದಲು ಹಿಂಡಿದ ಗಟ್ಟಿ ಹಾಲು. ಏಲಕ್ಕಿ ಬಾಳೆಗಿಂತ ಪಚ್ಚಬಾಳೆ ಬೆಣ್ಣೆಯ ಹಾಗಾಗುತ್ತದೆ. ಪರಂಗಿಹಣ್ಣು ಚೆನ್ನಾಗಿ ಮಾಗಿದ್ದಿರಬೇಕು. ಮಾವಿನ ಕಾಲದಲ್ಲಿ ನಾರಿಲ್ಲದ ಬಾದಾಮಿ ಹಣ್ಣು. ಸಪೋಟ ಎಷ್ಟೇ ತಿರುಗಿಸಿದರೂ ಮರಳು ಮರಳು, ಟೀ ಸೋಸುವ ಜರಡಿಯಲ್ಲಿ ಚಮಚದ ಬೆನ್ನಿನಿಂದ ಉಜ್ಜಿ ಇಳಿಸಬೇಕು. ಐಸು ಕೂಡದು. ಮಾಡಿಟ್ಟರೆ ಬಾಳೆ ಕಪ್ಪಾಗುತ್ತದೆ, ಆದ್ದರಿಂದ ಅವರು ಎದ್ದು ಕೂತ ಮೇಲೇ ಮಿಕ್ಸಿ ಹಾಕುತ್ತಿದ್ದೆ. ಅದರ ಸದ್ದು ಕೇಳಿ ಕೆಳಗಿನಿಂದ, "ಬಂತು ನೋಡು ಮಿಕ್ಸಿ ಸೀಕರಣೆ" ಎನ್ನುತ್ತಿದ್ದರಂತೆ.

ಮಗ ಐಟಿ ಕಂಪನಿಯೊಂದಕ್ಕೆ ಟೆಂಪೊ ಓಡಿಸುತ್ತಿದ್ದ. ಸಂಜೆಯ ಟ್ರಿಪ್ಪಿಗೆ ಮೊದಲು ಊಟಕ್ಕೆ ಬರುವವನು ನೇರ ತಾಯಿಯ ಮಂಚದ ಹತ್ತಿರ ನಿಲ್ಲುತ್ತಿದ್ದ. ಕೈಯಲ್ಲಿ ಗಾಡಿಯ ಕೀ ಹಾಗೇ ಇರುತ್ತಿತ್ತು.

"ಎಂಗೈತಮ್ಮ?"

"ಸಕ್ಕತ್ತಾಗೈತೆ ಕಣ್ಲಾ. ಈವಮ್ಮನ್ ಕೈಯಲ್ಲಿ ಅಮೃತ ಐತೆ."

ಲೋಟ ಪೂರ್ತಿ ಖಾಲಿಯಾಗುವ ತನಕ ಅವನು ಕದಲುತ್ತಿರಲಿಲ್ಲ. ಕಡೆಯ ಗುಟುಕಾದ ಮೇಲೆ ಲೋಟವನ್ನು ಬಗ್ಗಿಸಿ ಒಳಗೆ ನೋಡಿ, ಆಮೇಲೆ ತಾನು ತಟ್ಟೆ ಹಾಕಿಕೊಳ್ಳುತ್ತಿದ್ದ. ನನಗೋ ಒಳಗೊಳಗೇ ಹೆಮ್ಮೆ. ಶಾಲೆಯಲ್ಲಿ ಅಡುಗೆ ತರಗತಿಯ ಸಿಸ್ಟರ್ 'ವೆರಿ ಗುಡ್' ಎಂದಷ್ಟೇ ಖುಷಿ.

ಒಂದು ದಿನ ಮಗ ಹೊರಟುಹೋದ ಮೇಲೆ ಲೋಟ ತೆಗೆದುಕೊಳ್ಳಲು ಬಗ್ಗಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ದನಿ ಅಷ್ಟು ಹೊತ್ತಿಗಾಗಲೇ ಬರೀ ಗಾಳಿಯಾಗಿತ್ತು, ಹತ್ತಿರ ಹೋಗಬೇಕಿತ್ತು.

"ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಸೀ... ಬರೀ ಸೀ. ಬಾಯೆಲ್ಲ ಸೀ ಆಗೋಗೈತೆ. ಇದ್ನ ಕಂಡ್ರೆ ವಾಕರ್ಕೆ ಬತ್ತದೆ ನಂಗೆ. ಒಂದ್ ಉಪ್ಪಿಲ್ಲ, ಒಂದ್ ಕಾರ ಇಲ್ಲ..."

"ಮತ್ತೆ ಮಗನ ಮುಂದೆ ಚೆನ್ನಾಗಿದೆ ಅಂತೀರಲ್ಲಮ್ಮ" ಎಂದೆ.

"ಈ ಲೋಟ ಖಾಲಿಯಾಗದ್ ನೋಡ್ಕಂಡೇ ಅವ್ನು ಉಣ್ಣದು. ನಾ ಒಲ್ಲೆ ಅಂದ್ರೆ ಅವ್ನೂ ಎದ್ದೋಯ್ತಾನೆ. ನೀ ಅವ್ನಿಗ್ ಯೋಳ್ಬ್ಯಾಡ. ಯಾವತ್ಗೂ ಯೋಳ್ಬ್ಯಾಡ."

ಹೇಳುವುದಿಲ್ಲ ಎಂದೆ. ಮಣಿಕಟ್ಟು ಬಿಟ್ಟರು. "ಗಂಟ್ಲು ಬುಟ್ ದಿವ್ಸ ನಿನ್ ಕೈಲೇ ಮುದ್ದೆ ಕಟ್ಟುಸ್ಕಂಡ್ ತಿಂತೀನಿ, ಗಂಟಿರ್‍ಬಾರ್ದು ಮತ್ತೆ" ಎಂದರು. ಮರುದಿನದಿಂದ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕತೊಡಗಿದೆ. ಮೊದಲ ಗುಟುಕಿಗೇ ಅವರಿಗೆ ಗೊತ್ತಾಯಿತು. ಮಗನ ಪಕ್ಕದಿಂದ ನನ್ನ ಕಡೆ ನೋಡಿ ಹುಬ್ಬು ಸ್ವಲ್ಪ ಏರಿಸಿದರು.

ಗಂಟಲು ಬಿಡಲಿಲ್ಲ. ಕರೆಂಟು ಮುಗಿದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು. ಒಂದು ಮಧ್ಯಾಹ್ನ ಅವರೇ ಕೈಸನ್ನೆ ಮಾಡಿದರು. ಬೆರಳುಗಳನ್ನು ಕೂಡಿಸಿ, ಅಂಗೈಯಲ್ಲಿ ಹೊರಳಿಸುವ ಸನ್ನೆ. ಮುದ್ದೆ. ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ನುಂಗುವುದಿಲ್ಲ ಎಂದು ತಲೆಯಾಡಿಸಿದರು, ನನ್ನ ಗಲ್ಲ ಮುಟ್ಟಿ ಆಣೆಯಿಟ್ಟರು. ಸಂಪಿನ ಪಕ್ಕದ ದಂಟಿನ ಸೊಪ್ಪನ್ನೇ ಕಿತ್ತು ಬಸ್ಸಾರು ಮಾಡಿದೆ. ಮುದ್ದೆ ಕಟ್ಟಿ ಕೆಳಗೆ ತೆಗೆದುಕೊಂಡು ಹೋದೆ. ಅದರ ಹಬೆಗೆ ಮುಖ ಕೊಟ್ಟು ಕೂತರು. ಆಮೇಲೆ ಕಡಲೆಕಾಳಿನಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಗಂಟಲಿನ ಆ ನರ ಒಮ್ಮೆ ಮೇಲೇರಿತು, ನಿಂತಿತು. ಅಭ್ಯಾಸಬಲ. ನಾನು ಬಟ್ಟಲನ್ನು ಅವರ ಗಲ್ಲದ ಕೆಳಗೇ ಹಿಡಿದಿದ್ದೆ... ಬಹಳ ಹೊತ್ತಾದ ಮೇಲೆ, ಸಾರಿನ ರುಚಿ ಹೋದ ಮೇಲೆ, ಅದನ್ನು ಹಾಗೇ ತೆಗೆದು ಬಟ್ಟಲಿಗೆ ಹಾಕಿದರು. ಅದು ಇಟ್ಟ ಆಕಾರದಲ್ಲೇ ಇತ್ತು.

"ಉಪ್ಪು ಸರ್‍ಯಾಗೈತೆ" ಎಂದರು.

ಅವರು ಹೋದದ್ದು ಶ್ರಾವಣದಲ್ಲಿ. ಮುಂದಿನ ವರ್ಷದ ಮಹಾಲಯ ಅಮಾವಾಸ್ಯೆಗೆ ಸೊಸೆ ಮೇಲೆ ಬಂದು, "ಎಡೆಗೆ ಆ ಜ್ಯೂಸ್ ಮಾಡ್ಕೊಡ್ತೀರಾ ಅಕ್ಕ? ಅತ್ತೆಗೆ ಅದಂದ್ರೆ ಪ್ರಾಣ ಅಂತ ಇವ್ರು ಒಂದೇ ಸಮ ಹೇಳ್ತಾವ್ರೆ" ಎಂದಳು. ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿಟ್ಟು ಅವರನ್ನು ಕರೆಯುವ ದಿನವಲ್ಲವೇ ಅದು. ನಾನು ಮಾಡಿಕೊಟ್ಟೆ. ಅಂದಿನಿಂದ ವರ್ಷವೂ ಫೋನು ಬರುತ್ತದೆ, ವರ್ಷವೂ ಮಾಡಿಕೊಂಡು ಹೋಗುತ್ತೇನೆ. ಅವರಿಗೆ ವಾಕರಿಕೆ ತರಿಸುತ್ತಿದ್ದದ್ದನ್ನೇ ಅವರ ಎಡೆಗೆ...

ಈ ಸಲ ಮನಸ್ಸು ಕೇಳಲಿಲ್ಲ. ಹಣ್ಣನ್ನು ಸೋಸಿ ಡಬ್ಬಿಗೆ ತುಂಬಿದ ಮೇಲೆ, ಬಸ್ಸಾರು ಕುದಿಸಿ ಮುದ್ದೆಯನ್ನೂ ಕಟ್ಟಿದೆ. ಬಿಸಿ ಆರದ ಡಬ್ಬಿಯಲ್ಲಿಟ್ಟುಕೊಂಡು ಹೆಬ್ಬಗೋಡಿಗೆ ಹೋದೆ. ಮಾತು ಕೊಟ್ಟದ್ದು ಹೇಳುವುದಿಲ್ಲ ಎಂದು ಮಾತ್ರ, ಬಡಿಸುವುದಿಲ್ಲ ಎಂದಲ್ಲವಲ್ಲ.

ಫೋಟೋದ ಮುಂದೆ ಎಲೆ ಹಾಕಿದ್ದರು. ವಡೆ, ಕಜ್ಜಾಯ, ಬಾಡಿನ ಸಾರು, ಅನ್ನ, ಎಲೆಅಡಿಕೆ. ಬಾಡಿನ ಸಾರಿನ ಎಡೆಯಲ್ಲಿ ಮುದ್ದೆ ಮಾತ್ರ ಇರಲಿಲ್ಲ. ಇಷ್ಟು ವರ್ಷ ನಾನದನ್ನು ಗಮನಿಸಿಯೇ ಇರಲಿಲ್ಲ. ಅವರ ಮಿಕ್ಸಿಯಲ್ಲಿ ಹಣ್ಣನ್ನು ಇನ್ನೊಮ್ಮೆ ತಿರುಗಿಸಿ, ಅದೇ ಸ್ಟೀಲಿನ ಲೋಟಕ್ಕೆ ನೊರೆ ಬರುವಂತೆ ಬಗ್ಗಿಸಿಕೊಟ್ಟೆ. ಆಮೇಲೆ ಇನ್ನೊಂದು ಡಬ್ಬಿ ತೆರೆದೆ.

"ಏನಕ್ಕ ಇದು?" ಎಂದ ಮಗ. ಕಿವಿಯ ಹತ್ತಿರ ಅವನಿಗೂ ಕೂದಲು ನರೆತಿದೆ.

"ಮುದ್ದೆ ಕಣಪ್ಪ. ಬಸ್ಸಾರು. ಅಮ್ಮನ ಎಲೆಗೆ ಇಡೋಣ ಅಂತ."

ಅವನು ಡಬ್ಬಿಯೊಳಗೆ ನೋಡಿದ. ಮುಚ್ಚಳವನ್ನು ತಾನೇ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟ.

"ಬ್ಯಾಡ ಅಕ್ಕ. ಅಮ್ಮಂಗೆ ಗಂಟ್ಲಲ್ಲಿ ಇಳಿಯಲ್ಲ."

ಸೊಸೆ ನೆಲ ನೋಡುತ್ತಿದ್ದಳು. ಅವನು ಲೋಟವನ್ನು ಫೋಟೋದ ಹತ್ತಿರಕ್ಕೆ ಸರಿಸಿ, ಚಮಚದಿಂದ ಒಂದು ಸುತ್ತು ತಿರುಗಿಸಿ ಕೇಳಿದ, "ನಾರು ಗೀರು ಇಲ್ಲ ತಾನೆ?"

"ಇಲ್ಲಪ್ಪ. ಸೋಸಿದೀನಿ."

ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಕೂತೆವು. ಸಂಪಿನ ಪಕ್ಕದ ಮಣ್ಣಿಗೆ ಈಗ ಟೈಲ್ಸ್ ಹಾಕಿ ಬೈಕು ನಿಲ್ಲಿಸುತ್ತಾರೆ. ಮಡಿಲಲ್ಲಿ ಡಬ್ಬಿ ಬಿಸಿಯಾಗಿತ್ತು. ಒಳಗೆ ಅವರು ಬಂದಿದ್ದರೆ, ಇಷ್ಟಕ್ಕೆಲ್ಲ ಏನನ್ನುತ್ತಿದ್ದರೋ... ನಕ್ಕಿರುತ್ತಿದ್ದರು ಎಂದುಕೊಳ್ಳಲು ನೋಡಿದೆ, ಆಗಲಿಲ್ಲ.

ಬಾಗಿಲು ತೆರೆದಾಗ ಮಗನೇ ಮೊದಲು ಒಳಗೆ ಹೋದ. ನೊರೆ ಇಳಿದು ಲೋಟದಲ್ಲಿ ಒಂದು ಬೆರಳಿನಷ್ಟು ಕಡಿಮೆಯಾಗಿತ್ತು, ಮೇಲೆ ಬಾಳೆ ಕಪ್ಪಾಗಲು ಶುರುವಾಗಿತ್ತು. ಅವನು ಲೋಟವನ್ನು ಸ್ವಲ್ಪ ಬಗ್ಗಿಸಿ ಒಳಗೆ ನೋಡಿದ.

"ಕುಡ್ದವ್ಳೆ ನೋಡಕ್ಕ" ಎಂದ.

"ಹೌದಪ್ಪ" ಎಂದೆ.

ಆಮೇಲೆ ಅವನು ಊಟಕ್ಕೆ ಕೂತ.

ಮನೆಗೆ ಬಂದು ಡಬ್ಬಿ ತೆರೆದೆ. ಆರಿ ಗಟ್ಟಿಯಾಗಿದ್ದ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಅವರು ಕಲಿಸಿದ ಹಾಗೆ ಅಗಿಯದೆ ನುಂಗಲು ನೋಡಿದೆ. ಎದೆಯ ಮೇಲೆ ಸಿಕ್ಕಿಕೊಂಡಿತು. ನೀರು ಕುಡಿದೆ. ಉಪ್ಪು ಸರಿಯಾಗಿತ್ತು.