ಎರಡು ಮಡಿಕೆಯ ಅರಿವೆ

ಮನುಷ್ಯನು ಮೃಗತ್ವದಿಂದ ಮೇಲೆದ್ದದ್ದು ಬೆಂಕಿಯಿಂದಲೂ ಅಲ್ಲ, ಚಕ್ರದಿಂದಲೂ ಅಲ್ಲ, ಸೋಸುವ ವಿದ್ಯೆಯಿಂದ. ಬೇಕಾದದ್ದನ್ನು ಬೇಡವಾದದ್ದರಿಂದ ಬೇರ್ಪಡಿಸುವ ಈ ವಿವೇಕವೇ ಸಕಲ ಧರ್ಮ, ನ್ಯಾಯ, ಶಾಸ್ತ್ರಗಳ ಮೂಲ. ಈ ಮಹಾಸಿದ್ಧಾಂತವು ನನಗೆ ಹೊಳೆದದ್ದು ಧ್ಯಾನದಲ್ಲಲ್ಲ. ಇಂದು ಬೆಳಿಗ್ಗೆ ಚಹಾ ಸೋಸುವ ಜಾಲರಿಗೆ ತೂತು ಬಿದ್ದು, ಪುಡಿಯೆಲ್ಲ ಕಪ್ಪಿಗಿಳಿದು, ಅದರಲ್ಲಿ ಅರ್ಧ ನನ್ನ ಹಲ್ಲುಸಂದಿಗಳಲ್ಲಿ ಬಿಡಾರ ಹೂಡಿದಾಗ ಹೊಳೆಯಿತು. "ಅರಿವಿ ತುಂಡು ಹಾಕಿ ಸೋಸಿ ಕೊಡ್ಲೇನ್ರಿ?" ಎಂದು ಹೆಂಡತಿ ಕೇಳಿದಳು. ಬೇಡವೆಂದೆ. ಬಟ್ಟೆಯ ವ್ಯಾಪಾರದಲ್ಲೇ ತಲೆ ನರೆಸಿಕೊಂಡವನಿಗೆ ಅಂಗೈಯಗಲದ ಅರಿವೆ ಏಕೆ ಬೇಡವಾಯಿತು ಎಂಬುದು ತುಸು ದೀರ್ಘವಾದ ವಿಷಯ. ಓದುಗ ಮಹಾಶಯರು ತಮ್ಮ ಚಹಾ ತಣ್ಣಗಾಗುವ ಮೊದಲೇ ಕುಡಿದುಬಿಡುವುದು ಒಳ್ಳೆಯದು.

ಗೋಕಾಕದ ಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿಗೆ ಮೂರು ತಲೆಮಾರಿನ ಧೂಳಿದೆ. ನಾವು ಜೈನರು; ನೀರನ್ನು ಸೋಸದೆ ಕುಡಿದವರಲ್ಲ. ನಲ್ಲಿ ಬಂದ ಮೇಲೂ ಅದರ ಮೂತಿಗೆ ಅವ್ವ ಎರಡು ಮಡಿಕೆಯ ದಟ್ಟ ಅರಿವೆ ಕಟ್ಟುತ್ತಿದ್ದಳು. ಸೋಸಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಅರಿವೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಸಿಕ್ಕಿರುತ್ತವೆಯಾದ್ದರಿಂದ, ಅದನ್ನು ಮಗುಚಿ, ಶುದ್ಧ ನೀರಿನಿಂದ ತೊಳೆದು, ಆ ನೀರನ್ನು ಬಂದ ಬಾವಿಗೇ ಮರಳಿ ಬಿಡಬೇಕು. ಕಾಣದ ಹುಳುವನ್ನೂ ಅದರ ಮನೆಗೆ ಮುಟ್ಟಿಸುವ ಈ ಕಾಳಜಿ ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ಪರಸ್ಥಳಕ್ಕೆ ಹೋಗುವಾಗ ಕನ್ನಡಕ ಮರೆತೇನು, ಚೀಲದಲ್ಲಿ ಸೋಸುವ ಅರಿವೆಯನ್ನು ಮರೆತವನಲ್ಲ. ಇದರಿಂದ ನನಗೆ ನನ್ನ ಬಗ್ಗೆ ಬಹಳ ಗೌರವವಿತ್ತು.

ನನ್ನ ಒಬ್ಬಳೇ ಅಕ್ಕನನ್ನು ಮೂಡಲಗಿಗೆ ಕೊಟ್ಟಿದ್ದರು. ಅಕ್ಕನ ಗಂಡನನ್ನು ನಾವು ದಾಜಿ ಎನ್ನುತ್ತೇವೆ. ಈ ದಾಜಿಯದು ದೊಡ್ಡ ಕಿರಾಣಿ ಅಂಗಡಿ. ಆ ಅಂಗಡಿಯ ಗಾದಿಯ ಮೇಲೆ ಕೂರಲೆಂದೇ ಹುಟ್ಟಿದ ಮಗ ಪಾರೀಸ, ಬೆಲ್ಲದ ವಾಸನೆ ಬಿಟ್ಟು ಡೀಸೆಲಿನ ವಾಸನೆಗೆ ಮನಸೋತ. ಊರ ಹೊರಗೆ ತಂದೆಯದೇ ಗೋದಾಮೊಂದರಲ್ಲಿ ಗ್ಯಾರೇಜು ತೆರೆದು, ಮೂವತ್ತು ತುಂಬುವ ಹೊತ್ತಿಗೆ ನಾಗನೂರ, ಮೇಲವಂಕಿಯ ಟ್ರ್ಯಾಕ್ಟರುಗಳೆಲ್ಲ ಅವನ ಬಾಗಿಲಿಗೇ ಬರುವಂತೆ ಮಾಡಿಕೊಂಡಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ವೈದ್ಯರು ಎದೆ ಕೇಳುವಂತೆ ಕೇಳಿ ರೋಗ ಹೇಳುತ್ತಿದ್ದ. ದಾಜಿಗೆ ಇದರಿಂದ ಹೆಮ್ಮೆಯಾಗಲಿಲ್ಲ. "ವ್ಯಾಪಾರಸ್ಥರ ಮಗನ ಉಗುರು ನೋಡ, ಕರ್ರಗ ಹೆಂಗ ಆಗ್ಯಾವು" ಎಂಬುದು ಅವರ ದೈನಂದಿನ ಪ್ರಾರ್ಥನೆಯಾಗಿತ್ತು.

ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷಗಳವು. ಹುಕ್ಕೇರಿ ತಾಲೂಕಿನಲ್ಲಿ ಡಾಂಬರು ಮುಗಿದು ಇನ್ನೂ ವಾಹನಗಳಿಗೆ ಬಿಡದ ನೇರ ತುಂಡೊಂದಿತ್ತು. ಅಲ್ಲಿ ರವಿವಾರ ಬೆಳಿಗ್ಗೆ ಎರಡೆರಡು ಕಾರು ಸಾಲಿಗೆ ನಿಂತು, ನಾನೂರು ಮೀಟರು ಮಾತ್ರ ಓಡಿ, ಯಾವುದು ಮುಂದೆ ಎಂದು ನೋಡುವ ಹೊಸ ಹುಚ್ಚು ಕೊಲ್ಲಾಪುರದ ಕಡೆಯಿಂದ ಬಂದು ಸೇರಿಕೊಂಡಿತು. ಎಲ್ಲಿಗೂ ಹೋಗುವುದಕ್ಕಲ್ಲ, ಹೋಗಿ ನಿಲ್ಲುವುದಕ್ಕಾಗಿ ಓಡುವ ಈ ಓಟದಲ್ಲಿ ಹುಕ್ಕೇರಿಯ ಮೆಕ್ಯಾನಿಕ್ ದಿಲಾವರನನ್ನು ಸೋಲಿಸಿದವರಿರಲಿಲ್ಲ. ಪಾರೀಸ ಒಮ್ಮೆ ನೋಡಿ ಬಂದ. ಮರುದಿನ, ಊರಿನ ದನದ ಡಾಕ್ಟರು ಓಡಿಸಿ ಓಡಿಸಿ ಕೈಬಿಟ್ಟಿದ್ದ ಬಿಳಿಯ ಸಣ್ಣ ಕಾರೊಂದು ಗ್ಯಾರೇಜಿನ ಒಳಗೆ ನಿಂತಿತ್ತು.

ಅದಕ್ಕೆ ಅವನು ಟರ್ಬೊ ಕೂಡಿಸಿದ. ಕೊಲ್ಲಾಪುರದ ಗುಜರಿಯಲ್ಲಿ ಸಿಕ್ಕ, ಶಂಖದಾಕಾರದ, ತೆಂಗಿನಕಾಯಿಯಷ್ಟಿರುವ ವಸ್ತು ಅದು. ಎಂಜಿನ್ನು ಹೊರಬಿಟ್ಟ ಹೊಗೆ ಅದರೊಳಗಿನ ಒಂದು ರೆಕ್ಕೆಗಾಲಿಯನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮೇಲಿರುವ ಇನ್ನೊಂದು ಗಾಲಿ ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿನ ಗಂಟಲಿಗೆ ತುರುಕುತ್ತದೆ. ಬಿಟ್ಟ ಉಸಿರಿನ ಬಲದಿಂದಲೇ ಹೊಸ ಉಸಿರನ್ನು ಎರಡರಷ್ಟು ಎಳೆದುಕೊಳ್ಳುವ ಈ ಪ್ರಾಣಾಯಾಮವನ್ನು ಕಂಡು ನಾನು ಬೆರಗಾದೆ. ಒತ್ತಡ ತಾಳದೆ ಎಂಜಿನ್ನಿನ ತಲೆ ಹಾರಬಾರದೆಂದು ಎರಡೆರಡು ಗ್ಯಾಸ್ಕೆಟ್ಟು ಹಾಕಿದ. ಒತ್ತಡ ಮೀರಿದರೆ ಹೊರಗೆ ಬಿಡುವ ಕವಾಟವೊಂದಿತ್ತು, ಕುಕ್ಕರಿನ ಸೀಟಿಯ ದೂರದ ಬಂಧು. ಅದರ ಸ್ಪ್ರಿಂಗಿನ ಹಿಂದೆ ವಾರಕ್ಕೊಂದು ವಾಶರ್ ಸೇರಿಸಿ ಒತ್ತಡವನ್ನು ಏರಿಸುತ್ತ ಹೋದ. ಪೆಟ್ರೋಲು ಹಾಯುವ ಜೆಟ್ಟಿನ ತೂತು ಎಷ್ಟು ಹಿಗ್ಗಿತೆಂದು ಅಳೆಯಲು ನನ್ನ ಅಂಗಡಿಯಿಂದ ಹೊಲಿಗೆ ಯಂತ್ರದ ಸೂಜಿಗಳು ಹೋದವು. ಹದಿನಾರನೆಯ ನಂಬರು ಸಡಿಲ, ಹದಿನೆಂಟು ಬಿಗಿ.

ವಿಜ್ಞಾನಕ್ಕೆ ನನ್ನ ಇನ್ನೂ ದೊಡ್ಡ ಕೊಡುಗೆಯೆಂದರೆ ಬಣ್ಣ. ಕಾರನ್ನು ಜೋರಾಗಿ ಓಡಿಸಿ, ತಟ್ಟನೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಬೇಕು. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಎಂಜಿನ್ನು ಸುಟ್ಟೀತು. ಕರ್ರಗಿದ್ದರೆ ಹೆಚ್ಚಾಗಿದೆ, ಉಸಿರುಗಟ್ಟೀತು. "ಮಾಮಾ, ನೀವು ಬಣ್ಣದಾಗ ಮುಪ್ಪಾದವರು, ಇದು ಯಾವ ಬಣ್ಣ ಹೇಳ್ರಿ" ಎಂದು ಅವನು ಬಿಸಿ ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದು ತರುತ್ತಿದ್ದ. ನಾನು ಗಂಭೀರವಾಗಿ ಬಿಸಿಲಿಗೆ ಹಿಡಿದು, "ಖಾಕಿ, ಆದ್ರ ಪೊಲೀಸರದಲ್ಲ, ಪೋಸ್ಟಮನ್‌ದು" ಎಂದು ತೀರ್ಪು ಕೊಡುತ್ತಿದ್ದೆ. ಅದು ಬಾದಾಮಿ ಸಿಪ್ಪೆಯ ಬಣ್ಣಕ್ಕೆ ಬಂದ ದಿನ ಪಾರೀಸ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಅಂಗಡಿಯಲ್ಲಿ ಸಾವಿರ ಸೀರೆ ಮಾರಿಯೂ ಅಂಥ ಮರ್ಯಾದೆ ನನಗೆ ದೊರೆತಿರಲಿಲ್ಲ.

ಸುದ್ದಿ ದಾಜಿಯ ಕಿವಿಗೆ ಬಿತ್ತು. ಅವರು ಕೂಗಾಡಲಿಲ್ಲ, ನನ್ನನ್ನೂ ಮಗನನ್ನೂ ಗಾದಿಯ ಮುಂದೆ ಕೂರಿಸಿ ಕರಾರು ಹೇಳಿದರು.

"ನೀ ಮುಂದ ಬರ್ತಿಯೋ ಹಿಂದ ಬರ್ತಿಯೋ, ಅದು ನನಗ ಬ್ಯಾಡ. ಗಾಡಿ ಓಡಬೇಕು, ಓಡಿ ಹಂಗ ಹೊಳ್ಳಿ ಮನಿಗೆ ಬರಬೇಕು. ನೀ ಕೈಯಾರೆ ಮಾಡಿದ್ದು ಒಂದ ಕೆಟ್ಟರೂ ಗ್ಯಾರೇಜಿಗೆ ಕೀಲಿ, ನೀ ಗಾದಿಗೆ. ಒಪ್ಪಿಗಿ ಐತೇನು?"

"ಐತ್ರಿ ಅಪ್ಪಾ. ಕೆಡಲಿಲ್ಲ ಅಂದ್ರ?"

"ಕೆಡಲಿಲ್ಲ ಅಂದ್ರ ಗ್ಯಾರೇಜ್ ನಿಂದು. ಮತ್ತ ಉಗುರಿನ ಸುದ್ದಿ ಎತ್ತೂದಿಲ್ಲ. ಏನ ಕೆಟ್ಟಿತು, ಯಾಕ ಕೆಟ್ಟಿತು ಅನ್ನೂದನ್ನ ನಿಮ್ಮ ಮಾಮಾ ಹೇಳಲಿ. ಅಂವ ಸುಳ್ಳು ಹೇಳಾಂವಲ್ಲ."

ಕೊಟ್ಟ ಸರಕು ಕೆಡದೆ ಮರಳಿತೇ ಎಂಬುದೊಂದೇ ವ್ಯಾಪಾರಿಗೆ ಗೊತ್ತಿರುವ ಪರೀಕ್ಷೆ. ನನಗದು ನ್ಯಾಯವೆಂದೇ ತೋರಿತು. ಸಾಕ್ಷಿಯ ಪಟ್ಟ ಸಿಕ್ಕಿದ್ದಕ್ಕೆ ನಾನು ಸ್ವಲ್ಪ ಉಬ್ಬಿದೆನೆಂದೂ ಹೇಳಿಬಿಡುತ್ತೇನೆ.

ಮಳೆಗಾಲ ಹಿಂದೆ ಸರಿಯುತ್ತಿದ್ದ ರವಿವಾರವದು. ಬದಿಯ ಸೋಯಾ ಹೊಲಗಳಿಂದ ಸಣ್ಣ ಬಿಳಿಯ ಪತಂಗಗಳು ಎದ್ದು ರಸ್ತೆಯ ಮೇಲೆಲ್ಲ ಹಾರಾಡುತ್ತಿದ್ದವು. ಪಾರೀಸ ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಜಾಳಿಗೆಯನ್ನು ಬಿಚ್ಚಿ ಹುಲ್ಲಿನ ಮೇಲಿಟ್ಟ. ಟರ್ಬೊದ ಬಾಯಿ ಬರಿದಾಗಿ ತೆರೆದುಕೊಂಡಿತು. "ಇದು ಉಸಿರ ಹಿಡಿತೈತ್ರಿ, ಇವತ್ತೊಂದಿನ ಬ್ಯಾಡ" ಎಂದ. ನಾನು ಪತಂಗಗಳನ್ನು ತೋರಿಸಿದೆ. ಚಾತುರ್ಮಾಸದಲ್ಲಿ, ಅದೂ ನಮ್ಮ ಕಣ್ಣೆದುರಿಗೆ, ಈ ಬಾಯಿ ಎಷ್ಟು ಜೀವ ನುಂಗೀತು? ಅವನು ನಕ್ಕ. "ಮಾಮಾ, ನಿಮ್ಮ ಸ್ಕೂಟರ್ ಗೋಕಾಕದಿಂದ ಮೂಡಲಗಿಗೆ ಬರೂದ್ರಾಗ ಇದಕ್ಕಿಂತ ಜಾಸ್ತಿ ಸಾಯ್ತಾವು. ಬಾನೆಟ್ ಮುಚ್ಚಿಬಿಡ್ರಿ, ನಾ ರಸ್ತಾ ನೋಡ್ಕೊಂಡ ಬರ್ತೀನಿ." ಉರುಳಿ ಬಿದ್ದ ಕಲ್ಲುಗಳಿವೆಯೇ ಎಂದು ನೋಡುತ್ತ ಅವನು ಗುರಿಗೆರೆಯತ್ತ ನಡೆದುಹೋದ.

ಅವನು ಹೇಳಿದ್ದು ಬಾನೆಟ್ ಮುಚ್ಚಲು. ನಾನು ಚೀಲದಿಂದ ಅರಿವೆ ತೆಗೆದೆ, ಎರಡು ಮಡಿಕೆ ಮಾಡಿದೆ, ಟರ್ಬೊದ ಬಾಯಿಗೆ ಬಿಗಿಯಾಗಿ ಕಟ್ಟಿದೆ, ಅವ್ವ ನಲ್ಲಿಗೆ ಕಟ್ಟುತ್ತಿದ್ದ ಅದೇ ಗಂಟು. ಆಮೇಲೆ ಬಾನೆಟ್ ಮುಚ್ಚಿದೆ. ನೀರು ಹಾಯುವ ಅರಿವೆಯಲ್ಲಿ ಗಾಳಿ ಹಾಯದೇ ಎಂದು ನನ್ನ ತರ್ಕ. ತಿರುಗಿ ಬಂದ ಪಾರೀಸನಿಗೆ ಹೇಳಲಿಲ್ಲ. ಹೇಳಿದರೆ ಬಿಚ್ಚಿಸುತ್ತಾನೆಂದು ಗೊತ್ತಿತ್ತು.

ಎಂಜಿನ್ನು ಮೆಲ್ಲಗೆ ಓಡುವಾಗ ಏನೂ ಆಗಲಿಲ್ಲ. ದಿಲಾವರನ ಕಾರು ಬಲಕ್ಕೆ, ಬಿಳಿಯ ಕಾರು ಎಡಕ್ಕೆ. ಕರವಸ್ತ್ರ ಕೆಳಗಿಳಿಯಿತು. ಮೊದಲ ನೂರು ಮೀಟರು ದಿಲಾವರ ಮುಂದಿದ್ದ. ಆಮೇಲೆ ಟರ್ಬೊ ಕೂಗತೊಡಗಿತು, ಬಿಳಿಯ ಕಾರು ಅವನ ಪಕ್ಕಕ್ಕೆ ಬಂತು, ದಾಟಿತು. ಗುರಿಗೆರೆ ಇನ್ನು ಹತ್ತಿರವೆನ್ನುವಾಗ ಆ ಕೂಗು ಒಮ್ಮೆಲೇ ಗಂಟಲು ಸೀಳಿದಂತಾಯಿತು. ಸೆಳೆತಕ್ಕೆ ಸಿಕ್ಕ ಅರಿವೆ ಒಳಗೆ ಹೋಗಿ, ರೆಕ್ಕೆಗಳಲ್ಲಿ ಚಿಂದಿಯಾಗಿ, ಕೊಳವೆ ಹಾಯ್ದು, ಪೆಟ್ರೋಲು ಗಾಳಿ ಕೂಡುವ ಕಾರ್ಬ್ಯುರೇಟರಿನ ಬಾಗಿಲಿಗೆ ತುರುಕಿಕೊಂಡು, ಅದು ಮತ್ತೆ ಮುಚ್ಚದಂತೆ ಮಾಡಿಬಿಟ್ಟಿತ್ತು. ಪಾರೀಸ ಕಾಲೆತ್ತಿದರೂ ಎಂಜಿನ್ನು ಕಾಲೆತ್ತಲಿಲ್ಲ. ಗೆರೆ ದಾಟಿ, ಬ್ರೇಕಿನ ಹೊಗೆಯೆಬ್ಬಿಸುತ್ತ, ರಸ್ತೆ ಮುಗಿಯುವಲ್ಲಿ ಪೇರಿಸಿಟ್ಟಿದ್ದ ಸಿಮೆಂಟಿನ ಕೊಳವೆಗಳಿಗೆ ಕಾರು ಹೋಗಿ ಹೊಡೆಯಿತು.

ಓಡಿಹೋದವರಲ್ಲಿ ದಿಲಾವರ ಮೊದಲಿಗ. ಪಾರೀಸನನ್ನು ಹೊರಗೆಳೆದು ಮಲಗಿಸಿ, ಬೆಂಕಿ ಹತ್ತಬಾರದೆಂದು ಬ್ಯಾಟರಿ ತಂತಿ ಕೀಳಲು ಮುದುಡಿದ ಬಾನೆಟ್ಟನ್ನು ಸಲಾಕೆಯಿಂದ ಎಬ್ಬಿಸಿದವನೂ ಅವನೇ. ಎಬ್ಬಿಸಿ, ಟರ್ಬೊದ ಬಾಯಿಯಲ್ಲಿ ಉಳಿದ ಗಂಟನ್ನು ನೋಡಿದ. ಆಮೇಲೆ ನನ್ನ ಚೀಲ ನೋಡಿದ. ಗಂಟನ್ನು ಕಿತ್ತು ಜೇಬಿಗಿಟ್ಟುಕೊಂಡ.

ಬೆಳಗಾವಿಯ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮೂರನೆಯ ದಿನ ಮಾತು ಬಂದಾಗ ದಾಜಿ ಮಂಚದ ಬಾಜೂ ನಿಂತು ಒಂದೇ ಪ್ರಶ್ನೆ ಕೇಳಿದರು: "ಏನ ಕೆಟ್ಟಿತು?"

"ಎಕ್ಸಲೇಟರ್ ಕೇಬಲ್ ಸಿಕ್ಕೊಂಡಿತ್ರಿ ಅಪ್ಪಾ. ನಾ ಚಲೋ ಹಾಕಿರಲಿಲ್ಲ. ನಂದ ತಪ್ಪು."

ದಾಜಿ ನನ್ನತ್ತ ತಿರುಗಿದರು. "ಖರೆ ಏನೋ?"

ಅಕ್ಕ ಮಂಚದ ಕಾಲು ಹಿಡಿದು ಕೂತಿದ್ದಳು. ನಾನು, "ಅಂವನ ಹೇಳಾಕತ್ತಾನಲ್ರಿ" ಎಂದೆ. ಸುಳ್ಳೆನ್ನಲಾಗದ, ಸತ್ಯ ಹನಿಯಷ್ಟೂ ಉಳಿಯದಂತೆ ಎರಡು ಮಡಿಕೆಯಲ್ಲಿ ಸೋಸಿ ತೆಗೆದ ವಾಕ್ಯವದು. ನನ್ನ ಜೀವಮಾನದ ಶುದ್ಧಾಚಾರವೆಲ್ಲ ಅಂದು ಆ ಎರಡು ಮಾತಿಗೆ ಉಪಯೋಗವಾಯಿತು.

ಅವರಿಬ್ಬರೂ ಹೊರಗೆ ಹೋದ ಮೇಲೆ ಪಾರೀಸ ತಲೆದಿಂಬಿನ ಕೆಳಗಿನಿಂದ ಎಣ್ಣೆ ಕುಡಿದು ಕಪ್ಪಾದ ಚಿಂದಿಯೊಂದನ್ನು ತೆಗೆದ. ದಿಲಾವರ ಆ ದಿನ ಬೆಳಿಗ್ಗೆ ಬಂದು ಕೊಟ್ಟುಹೋಗಿದ್ದನಂತೆ.

"ತಗೋರಿ ಮಾಮಾ. ಸೋಸಿದ ಮ್ಯಾಲ ಹೊಳ್ಳಿ ಬಿಡಬೇಕಲ್ಲ."

"ಯಾಕ ಹಂಗ ಹೇಳಿದ್ಯೋ? ಗ್ಯಾರೇಜ್ ಹೋಗ್ತೈತಿ."

"ಅವ್ವಗ ನೀವೊಬ್ಬರ ತಮ್ಮ. ನಾಳೆ ಆಕಿ ನಿಮ್ಮ ಮಾರಿ ಹೆಂಗ ನೋಡಬೇಕ್ರಿ?" ಎಂದ. ಚಿಂದಿಯನ್ನು ಬೆರಳಿಂದ ಎಳೆದು ನೋಡಿ, "ಅರಿವಿ ಮಾತ್ರ ಗಟ್ಟಿ ಇತ್ರಿ. ನಿಮ್ಮ ಅಂಗಡೀದ ಏನು?" ಎಂದ. ಹೌದೆಂದೆ.

ಒಂದು ಕಾಲು ಹೋದದ್ದರಿಂದ ಗ್ಯಾರೇಜು ಹೋಯಿತೆಂದು ಊರವರು ಹೇಳುತ್ತಾರೆ. ಅಲ್ಲ. ಟ್ರ್ಯಾಕ್ಟರಿನ ಡೀಸೆಲ್ ಪಂಪು ಬಿಚ್ಚಿ ರಿಪೇರಿ ಮಾಡುವ ಕೆಲಸ ಕೂತು ಮಾಡುವಂಥದ್ದು. ಅವನ ಕಿವಿಯೂ ಕೈಗಳೂ ಹಾಗೆಯೇ ಇದ್ದವು. ಹೋದದ್ದು ಕರಾರಿನಿಂದ, ಕರಾರಿನ ಸಾಕ್ಷಿಯಿಂದ. ತನ್ನ ಕಾರಿನ ಕೇಬಲ್ಲನ್ನೇ ನೆಟ್ಟಗೆ ಹಾಕದವನೆಂದು ನಾಗನೂರಿನ ಟ್ರ್ಯಾಕ್ಟರುಗಳೂ ಬೇರೆ ದಾರಿ ಹಿಡಿದವು. ದಾಜಿ ಕೀಲಿ ಹಾಕಿದರು. ಪಾರೀಸ ಗಾದಿಯ ಮೇಲೆ ಕೂತ. ಅವನ ಉಗುರುಗಳು ಕೆಲವೇ ತಿಂಗಳಲ್ಲಿ ಬೆಳ್ಳಗಾದವು.

ಅಕ್ಕ ತೀರಿಕೊಂಡ ಮೇಲೆ, ಇನ್ನು ಯಾರ ಮುಖವನ್ನೂ ಯಾರೂ ನೋಡಬೇಕಿಲ್ಲವೆಂಬ ಧೈರ್ಯ ಬಂದು, ನಾನು ಮೂಡಲಗಿಗೆ ಹೋಗಿ ದಾಜಿಗೆ ಎಲ್ಲವನ್ನೂ ಹೇಳಿದೆ. ನಾಲ್ಕು ವರ್ಷ ಕಳೆದಿದ್ದವು. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ನನ್ನನ್ನು ನೋಡಿದರು. "ಈಗ ಬಂದ್ಯೇನು ಹೇಳಾಕ?" ಎಂದರು. ಆಚೆ ತಕ್ಕಡಿಯ ಹಿಂದೆ ಪಾರೀಸ ಘೋಡಗೇರಿಯ ಗಿರಾಕಿಯೊಬ್ಬನಿಗೆ ತೊಗರಿಬೇಳೆ ತೂಗುತ್ತಿದ್ದ. ಕೇಳಿಸಿರಬೇಕು, ಆದರೆ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

ಆ ಚಿಂದಿಯನ್ನು ಬಂದಲ್ಲಿಗೇ ಮರಳಿಸಿದ್ದೇನೆ. ನನ್ನ ಅಂಗಡಿಯ ಗಾದಿಯ ಕೆಳಗಿದೆ. ಇಂದಿನ ಚಹಾವನ್ನು ಪುಡಿಸಹಿತ ಕುಡಿದೆ, ನಾಳೆ ಹೊಸ ಜಾಲರಿ ಬರುತ್ತದೆ. ದಿಲಾವರ ಎಲ್ಲರೆದುರಿಗೆ ಒಪ್ಪಿಕೊಂಡಂತೆ, ಆ ದಿನ ಗೆರೆಯನ್ನು ಮೊದಲು ದಾಟಿದ್ದು ಬಿಳಿಯ ಕಾರು. ಗ್ಯಾರೇಜಿದ್ದ ಗೋದಾಮಿನಲ್ಲಿ ಈಗ ರಸಗೊಬ್ಬರದ ಅಂಗಡಿಯಿದೆ.